ಬೆಳಗಾಗುವಷ್ಟರಲ್ಲಿ ಕವಿದ ಕತ್ತಲೆ

ಸ್ಮರಣ ಸಂಪುಟಕ್ಕಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಪುಟ ಬರೆಯಬೇಕೆಂಬ ಎಣಿಕೆ ನನ್ನದಾಗಿತ್ತು. ಆದರೆ ಈಚೆಗೆ ಕಣ್ಣೆದುರಿಗೇ ನಡೆದ ಸಂಗತಿಯೊಂದು ಆ ಎಣಿಕೆಯನ್ನು ತಪ್ಪಿಸಿತು. ನಾನು ವೈದ್ಯನಲ್ಲ, ಮಕ್ಕಳಿಗೆ ವ್ಯಾಕರಣ ಹೇಳಿಕೊಂಡು ಬಂದವನು. ಬಲ್ಲ ವೈದ್ಯರನ್ನು ಕೇಳಿ ತಿಳಿದುದನ್ನೂ, ಅವರು ಸೂಚಿಸಿದ ಗ್ರಂಥಗಳನ್ನು ಓದಿ ಗ್ರಹಿಸಿದುದನ್ನೂ ಇಲ್ಲಿ ನಿವೇದಿಸಿಕೊಂಡಿದ್ದೇನೆ. ಈ ಸಂಪುಟವನ್ನು ಕೈಯಲ್ಲಿ ಹಿಡಿಯುವವರಲ್ಲಿ ಬಹುಮಂದಿ ಐವತ್ತನ್ನು ದಾಟಿದ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು. ನಾನು ಹೇಳಹೊರಟಿರುವ ಬೇನೆ ಬರುವುದೂ ಬಹುತೇಕ ಐವತ್ತು ದಾಟಿದವರಿಗೇ.

ಕಳೆದ ಚಳಿಗಾಲದ ಒಂದು ನಸುಕು. ನಮ್ಮಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಗಣಿತವನ್ನು ಕಲಿಸಿ ನಿವೃತ್ತರಾದ ಗುರುಗಳೊಬ್ಬರು (ಹೆಸರು ಹೇಳುವುದು ಅವರಿಗೆ ಇಷ್ಟವಿಲ್ಲ; ಶಿಷ್ಯರು ಊಹಿಸಿಕೊಂಡರೆ ಅದು ನನ್ನ ತಪ್ಪಲ್ಲ) ಎದ್ದು ಮುಖ ತೊಳೆದುಕೊಂಡು ಕನ್ನಡಿಯ ಮುಂದೆ ನಿಂತಾಗ, ತಮ್ಮ ಮೀಸೆಯಿಂದ ಕೆಳಗಿನ ಭಾಗವು ಮಸುಕಾಗಿರುವುದನ್ನು ಕಂಡರು. ಎಡಗಣ್ಣನ್ನು ಮುಚ್ಚಿ ನೋಡಿದರೆ ಕೆಳಗಿನ ಅರ್ಧವು ಪೂರ್ಣವಾಗಿ ಕತ್ತಲೆ. ಬಲಗಣ್ಣನ್ನು ಮುಚ್ಚಿದರೆ ಎಲ್ಲವೂ ಸ್ವಚ್ಛ. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ರಾತ್ರಿ ಮಲಗುವಾಗ ಎರಡೂ ಕಣ್ಣುಗಳು ನೆಟ್ಟಗಿದ್ದವು. ಮಧ್ಯಾಹ್ನ ಅವರು ನನ್ನ ಮನೆಯ ಕಟ್ಟೆಗೆ ಬಂದು ಕುಳಿತು, “ಪಂಡಿತರ, ಬಲಗಣ್ಣಾಗ ಕೆಳಗಿನ ಅರ್ಧ ಕಾಣವಲ್ದು ನೋಡ್ರಿ. ಯಾರೋ ಕರೀ ಹಚ್ಚಡ ಹೊಚ್ಚಿದಂಗ ಆಗೇತಿ” ಎಂದರು. ಅದಕ್ಕೆ, “ಮೋತಿಬಿಂದು ಇದ್ದೀತ್ರಿ ಗುರುಗಳ. ಮುಂದಿನ ತಿಂಗಳ ಕಣ್ಣಿನ ಶಿಬಿರ ಐತಿ, ತೋರಿಸಿದರಾತು” ಎಂದು ಉತ್ತರ ಕೊಟ್ಟವನು ನಾನೇ. ನನ್ನ ಮಾತನ್ನು ನಂಬಿ ಅವರು ಹತ್ತೊಂಬತ್ತು ದಿನ ಸುಮ್ಮನಿದ್ದರು.

ನಾನು ಹಾಗೆಂದುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಭಾಗದಲ್ಲಿ ಕಣ್ಣಿನ ರೋಗವೆಂದರೆ ಪೊರೆ, ಕಣ್ಣಿನ ಚಿಕಿತ್ಸೆಯೆಂದರೆ ಶಿಬಿರ ಎಂಬ ಭಾವನೆ ಎರಡು ಮೂರು ತಲೆಮಾರುಗಳಿಂದ ಬೇರೂರಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ, ಚಪ್ಪರದ ಕೆಳಗೆ ಸಾಲು ಸಾಲಾಗಿ ಮಲಗಿಸಿದ ಬಡವರ ಕಣ್ಣುಗಳ ಪೊರೆಯನ್ನು ತೆಗೆದು ಬೆಳಕು ಕೊಟ್ಟ ಕಥೆಯನ್ನು ಕೇಳುತ್ತಲೇ ನಾವು ಬೆಳೆದೆವು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 2005ರಲ್ಲಿ ಅವರು ನಿಧನರಾದರು. ಆ ಮಹನೀಯರ ಋಣ ನಮ್ಮ ನಾಡಿನ ಮೇಲೆ ದೊಡ್ಡದು. ಆದರೆ ಆ ಉಪಕಾರದ ನೆರಳಿನಲ್ಲಿಯೇ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು: ಕಣ್ಣು ಕಾಣದಿದ್ದರೆ ಅವಸರವೇನೂ ಇಲ್ಲ, ಶಿಬಿರ ಬಂದಾಗ ಪೊರೆ ತೆಗೆಸಿದರಾಯಿತು ಎಂಬುದು. ಪೊರೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜವೇ. ಪೊರೆಯು ತಿಂಗಳು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಮಾಗುವಂಥದು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದು ಯಾರ ಕಣ್ಣನ್ನೂ ಅರ್ಧಕ್ಕೆ ಮುಚ್ಚುವುದಿಲ್ಲ. ಇಷ್ಟು ಸರಳವಾದ ತರ್ಕ ಆ ಮಧ್ಯಾಹ್ನ ನನಗೆ ಹೊಳೆಯಲಿಲ್ಲ.

ಈ ಭೇದವು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳನ್ನು ಎಣಿಸಿದೆ. ದೃಷ್ಟಿಯು ಪೂರ್ಣವಾಗಿ ಅಡಗುವ ಅವಸ್ಥೆಗೆ ಅಲ್ಲಿ ಲಿಂಗನಾಶವೆಂಬ ಹೆಸರಿದೆ. ಅದರಲ್ಲಿ ಕಫಜವಾದುದಕ್ಕೆ, ಎಂದರೆ ನಮ್ಮ ಪೊರೆಯನ್ನು ಹೋಲುವುದಕ್ಕೆ, ಶಲಾಕೆಯಿಂದ ಶಸ್ತ್ರಕ್ರಿಯೆಯನ್ನು ವಿಧಿಸಿದ ಆಚಾರ್ಯನು, ಅನಿಮಿತ್ತ ಲಿಂಗನಾಶವೆಂಬ ಇನ್ನೊಂದು ಬಗೆಯನ್ನೂ ಹೇಳಿದ್ದಾನೆ. ಅದರಲ್ಲಿ ಕಣ್ಣು ಹೊರಗಿನಿಂದ ನಿರ್ಮಲವಾಗಿ, ವೈಡೂರ್ಯದಂತೆ ತೋರುತ್ತದೆ. ನೋಟ ಮಾತ್ರ ಹೋಗಿರುತ್ತದೆ. ದೇವತೆಗಳನ್ನೋ ಗಂಧರ್ವರನ್ನೋ ಮಹಾಸರ್ಪಗಳನ್ನೋ ಕಂಡುದರಿಂದ ಹೀಗಾಗುವುದೆಂದು ಅಂದಿನವರು ಕಾರಣ ಹೇಳಿದರು. ಇಂದಿನ ಈ ಬೇನೆಯೇ ಅದೆಂದು ನಾನು ಸಾಧಿಸಹೊರಟಿಲ್ಲ. ಹೊಸದೆಲ್ಲವೂ ಹಳೆಯ ಗ್ರಂಥದಲ್ಲಿ ಇದೆಯೆಂದು ತೋರಿಸುವ ಚಪಲ ನಮ್ಮಂಥ ಪಂಡಿತರಿಗೆ ಇರುವುದುಂಟು, ಅದಕ್ಕೆ ಔಷಧವಿಲ್ಲ. ನಾನು ಹೇಳುವುದಿಷ್ಟೇ: ಕಣ್ಣಿನ ಮುಂಭಾಗ ಸ್ವಚ್ಛವಾಗಿದ್ದರೂ ಒಳಗೆ ದೃಷ್ಟಿ ಕೆಡಬಹುದು, ಅದು ಪೊರೆಗಿಂತ ಬೇರೆ ಎಂಬುದನ್ನು ನಮ್ಮ ಪೂರ್ವಿಕರು ಬೇರ್ಪಡಿಸಿ ಬರೆದಿಟ್ಟಿದ್ದರು; ಅದನ್ನು ಓದಿದ್ದ ನಾನೇ ಅದನ್ನು ಮರೆತೆನು.

ಕಡೆಗೆ ಗುರುಗಳ ಮಗಳು ತವರಿಗೆ ಬಂದವಳು ಗದ್ದಲ ಮಾಡಿ ಹೊರಡಿಸಿದಳು. ರಾಯಬಾಗದಲ್ಲಿ ರೈಲುಗಾಡಿ ಹತ್ತಿ ಮಿರಜೆಗೆ ಹೋದೆವು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಅಲ್ಲಿ ಆಸ್ಪತ್ರೆಯನ್ನು ಆರಂಭಿಸಿದಂದಿನಿಂದ ರಾಯಬಾಗ, ಅಥಣಿ, ಚಿಕ್ಕೋಡಿಗಳ ಜನ ದೊಡ್ಡ ಬೇನೆಗೆ ಮಿರಜೆಯ ದಾರಿ ಹಿಡಿಯುವುದು ರೂಢಿ. 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವಾದ ಮೇಲೆ ಆ ದಾರಿಯೂ ತೆರೆಯಿತು. ನಾವು ಕಂಡ ನೇತ್ರತಜ್ಞರು ಗುರುಗಳ ಕಣ್ಣಿಗೆ ಹನಿ ಹಾಕಿ, ಪಾಪೆ ಅರಳಿದ ಮೇಲೆ ಒಳಗೆ ಬೆಳಕು ಬಿಟ್ಟು ನೋಡಿದರು. ನೋಡಿದವರು ಮೊದಲು ಕೇಳಿದುದು ಕಣ್ಣಿನ ವಿಷಯವನ್ನಲ್ಲ: “ಗುರುಗಳೇ, ಅನ್ನ ಅಗಿಯುವಾಗ ದವಡೆ ನೋಯುತ್ತದೆಯೇ? ತಲೆ ಬಾಚಿಕೊಂಡರೆ ನೋವಾಗುತ್ತದೆಯೇ? ರಕ್ತದೊತ್ತಡದ ಗುಳಿಗೆ ಎಷ್ಟು ಹೊತ್ತಿಗೆ ನುಂಗುತ್ತೀರಿ?” ಆ ಮೂರು ಪ್ರಶ್ನೆಗಳ ಅರ್ಥ ನನಗೆ ತಿಳಿದದ್ದು ಅನಂತರ, ವಾಚಕರಿಗೂ ಅದೇ ಕ್ರಮದಲ್ಲಿ ತಿಳಿಸುತ್ತೇನೆ.

ಕಣ್ಣಿನ ಹಿಂಗೋಡೆಗೆ ಅಕ್ಷಿಪಟಲವೆಂದು ಹೆಸರು. ಅಲ್ಲಿ ಮೂಡಿದ ಬಿಂಬದ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ದೃಷ್ಟಿನರ. ಅದು ಒಂದೇ ತಂತಿಯಲ್ಲ; ಹತ್ತು ಹನ್ನೆರಡು ಲಕ್ಷ ಸೂಕ್ಷ್ಮ ಎಳೆಗಳ ಒಂದು ಹುರಿ. ಇಷ್ಟು ಎಳೆಗಳೂ ಕಣ್ಣುಗುಡ್ಡೆಯಿಂದ ಹೊರಬೀಳುವ ಬಾಗಿಲು ಸುಮಾರು ಒಂದೂವರೆ ಮಿಲಿಮೀಟರು ಅಗಲದ್ದು. ಸಾಸಿವೆ ಕಾಳಿನಷ್ಟು ಎನ್ನಬಹುದು. ಆ ಬಾಗಿಲಿಗೆ ಅಡ್ಡಲಾಗಿ ಜರಡಿಯಂಥ ಒಂದು ಪದರವಿದ್ದು, ಅದರ ತೂತುಗಳೊಳಗಿಂದ ಎಳೆಗಳು ನುಸುಳಿ ಹೋಗಬೇಕು. ಜಾತ್ರೆಯ ದಿನ ಊರ ಅಗಸೆಯಲ್ಲಿ ಜನ ಒತ್ತರಿಸಿ ಸಾಗುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಈ ಬಾಗಿಲು ಇತರರದಕ್ಕಿಂತ ಇಕ್ಕಟ್ಟು. ಅವರ ನೋಟ ಚೆನ್ನಾಗಿಯೇ ಇರುತ್ತದೆ. ಆದರೆ ಎಂದಾದರೂ ಎಳೆಗಳು ಬಾತವೆಂದರೆ, ಹಿಗ್ಗಲು ಎಡೆಯಿಲ್ಲದೆ ಒಂದನ್ನೊಂದು ಹಿಚುಕುತ್ತವೆ.

ಎಳೆಗಳು ಬಾಯುವುದೇಕೆ? ನೀರಿನ ಕೊರತೆಯಿಂದ, ಎಂದರೆ ರಕ್ತದ ಕೊರತೆಯಿಂದ. ಈ ಭಾಗವನ್ನು ನಮ್ಮ ಸೀಮೆಯವರಿಗೆ ವಿವರಿಸುವುದು ಸುಲಭ, ಏಕೆಂದರೆ ನಾವು ಕಾಲುವೆಯ ಮಕ್ಕಳು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ತಂದ ಎಡದಂಡೆ ಕಾಲುವೆಯು ಕವಲೊಡೆದು, ಕವಲು ಮತ್ತೆ ಕವಲೊಡೆದು, ಕಡೆಗೆ ಹೊಲಗಾಲುವೆಯಾಗಿ ರೈತನ ಮಡಿಗೆ ಮುಟ್ಟುತ್ತದೆ. ಹಾಗೆಯೇ ಹೃದಯದಿಂದ ಹೊರಟ ರಕ್ತವು ಕುತ್ತಿಗೆಯ ದೊಡ್ಡ ಧಮನಿಯಲ್ಲಿ ಏರಿ, ನೇತ್ರಧಮನಿಯಾಗಿ ಕವಲೊಡೆದು, ಅದರಿಂದಲೂ ಒಡೆದ ಕೂದಲೆಳೆಯಂಥ ಹಿಂಬದಿಯ ಸಣ್ಣ ಧಮನಿಗಳ ಮೂಲಕ ದೃಷ್ಟಿನರದ ತಲೆಯನ್ನು ತಲುಪುತ್ತದೆ. ಅಕ್ಷಿಪಟಲಕ್ಕೆ ನೀರುಣಿಸುವ ಕೇಂದ್ರಧಮನಿ ಬೇರೆ, ನರದ ತಲೆಗೆ ಉಣಿಸುವ ಕವಲು ಬೇರೆ. ಆದಕಾರಣ ಅಕ್ಷಿಪಟಲವು ಸೊಂಪಾಗಿರುವಾಗಲೇ ನರವು ಒಣಗಬಹುದು. ನರದ ತಲೆಯಾದರೋ ಎರಡು ಕವಲುಗಳ ಹರವು ಕೊನೆಗೊಳ್ಳುವ ಅಂಚಿನಲ್ಲಿ ಬೀಳುವ ಹೊಲ. ಕಾಲುವೆಯಲ್ಲಿ ನೀರಿನ ಸೆಳವು ತಗ್ಗಿದಾಗ ಮೊದಲು ಒಣಗುವುದು ಯಾರ ಪೈರು? ಕೊನೆಯ ಹೊಲದವನದು. ಇದರ ಮೇಲೆ ಇನ್ನೊಂದು ತೊಡಕುಂಟು. ಕಣ್ಣುಗುಡ್ಡೆಯ ಒಳಗೆ ತನ್ನದೇ ಆದ ಒತ್ತಡವಿದ್ದು, ಅದು ಒಳಬರುವ ರಕ್ತವನ್ನು ಹಿಂದೂಡುತ್ತಿರುತ್ತದೆ. ಕೊನೆಯ ಹೊಲವೂ ಹೌದು, ಎತ್ತರದ ಹೊಲವೂ ಹೌದು ಎಂದಂತಾಯಿತು.

ಈ ಹೊಲ ಕಾಲುವೆಗಳ ನಕ್ಷೆಯನ್ನು ಜಗತ್ತಿಗೆ ಕೊಟ್ಟವರಲ್ಲಿ ಅಗ್ರಗಣ್ಯರು ನಮ್ಮ ದೇಶದಲ್ಲಿಯೇ ಹುಟ್ಟಿದವರೆಂಬುದನ್ನು ತಿಳಿದು ನನಗೆ ಸಂತೋಷವಾಯಿತು. 1927ರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಜನಿಸಿದ ಡಾ. ಸೋಹನ ಸಿಂಗ ಹೇರೆ ಅವರು ಬ್ರಿಟನ್ನಿನಲ್ಲಿ, ಅನಂತರ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನೆಲೆಸಿ, ಕಣ್ಣಿನ ರಕ್ತಸಂಚಾರವೊಂದನ್ನೇ ಜೀವಮಾನವೆಲ್ಲ ಅಭ್ಯಸಿಸಿದರು. ಈ ಬೇನೆಗೆ ಇಂದು ವೈದ್ಯಲೋಕದಲ್ಲಿ ನಡೆಯುವ ಹೆಸರು 1974ರ ಅವರ ಲೇಖನಗಳಿಂದ ನೆಲೆಗೊಂಡಿತು. ಕನ್ನಡದಲ್ಲಿ ಅದನ್ನು ‘ದೃಷ್ಟಿನರದ ಮುಂಭಾಗದ ರಕ್ತಕೊರತೆಯ ಬೇನೆ’ ಎನ್ನಬಹುದು. ಉದ್ದವಾಯಿತು, ಆದರೆ ಅರ್ಥವು ಕೆಡುವುದಿಲ್ಲ. ಹೇರೆ ಅವರು 2022ರಲ್ಲಿ ನಿಧನರಾದರು.

ಗುಳಿಗೆಯ ಹೊತ್ತನ್ನು ಕುರಿತ ಪ್ರಶ್ನೆಯ ಮೂಲವಿರುವುದು ಇವರಲ್ಲಿಯೇ. ನಿದ್ರೆಯಲ್ಲಿ ಎಲ್ಲರ ರಕ್ತದೊತ್ತಡವೂ ನೂರಕ್ಕೆ 10ರಿಂದ 20ರಷ್ಟು ಇಳಿಯುವುದು ಸಹಜ. ರಕ್ತದೊತ್ತಡವುಳ್ಳವರು ಮಲಗುವಾಗ ಬಲವಾದ ಗುಳಿಗೆಯನ್ನು ನುಂಗಿದರೆ ಅದು ಇನ್ನೂ ಕೆಳಗಿಳಿದು, ಕೊನೆಯ ಹೊಲಕ್ಕೆ ರಾತ್ರಿಯಿಡೀ ನೀರೇರದೆ ಹೋಗಬಹುದು. ಬಹುಮಂದಿ ಬೆಳಗ್ಗೆ ಎದ್ದಾಗಲೇ ನಷ್ಟವನ್ನು ಕಾಣುವುದು ಇದಕ್ಕಾಗಿ ಎಂಬುದು ಹೇರೆ ಅವರ ಮತ. ಎಲ್ಲ ತಜ್ಞರೂ ಇದನ್ನು ಇದ್ದಕ್ಕಿದ್ದಂತೆ ಒಪ್ಪಿಲ್ಲ. ಹಲವು ಕಾರಣಗಳಲ್ಲಿ ಇದೂ ಒಂದೆಂದು ಗಣಿಸುವವರೇ ಹೆಚ್ಚು. ನಮ್ಮ ಗುರುಗಳಾದರೋ, ತಲೆ ಭಾರವೆನಿಸಿದ ದಿನ ರಾತ್ರಿ ಒಂದರ ಬದಲು ಎರಡು ಗುಳಿಗೆ ನುಂಗುತ್ತಿದ್ದರು. ಗಣಿತದವರು, ಒಂದಕ್ಕಿಂತ ಎರಡು ಮೇಲೆಂದು ಲೆಕ್ಕ ಹಾಕಿದರು. ನಾನು ಶಿಬಿರದ ದಾರಿ ತೋರಿದ ಆ ಹತ್ತೊಂಬತ್ತು ರಾತ್ರಿಗಳಲ್ಲಿಯೂ ಅದೇ ನಡೆದಿತ್ತು. ವೈದ್ಯರು ಗುಳಿಗೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿ, ಪ್ರಮಾಣವನ್ನು ತಿದ್ದಿದರು. ಇದನ್ನೋದಿ ಯಾರೂ ತಮ್ಮ ಗುಳಿಗೆಯನ್ನು ತಾವೇ ಬಿಡಬಾರದು, ಹೊತ್ತನ್ನೂ ತಾವೇ ಬದಲಿಸಬಾರದು. ಬಿಟ್ಟರೆ ಮೆದುಳಿಗೂ ಹೃದಯಕ್ಕೂ ಆಗುವ ಅಪಾಯ ಕಣ್ಣಿನದಕ್ಕಿಂತ ಘೋರ. ಕೊಟ್ಟ ವೈದ್ಯರನ್ನು ಹೊತ್ತಿನ ವಿಷಯ ಕೇಳಬೇಕು, ಅಷ್ಟೆ.

ದವಡೆ ಮತ್ತು ಬಾಚಣಿಗೆಯ ಪ್ರಶ್ನೆಗಳು ಇನ್ನೂ ಗಂಭೀರವಾದವು. ಈ ಬೇನೆಯಲ್ಲಿ ಎರಡು ಬಗೆ. ಒಂದು, ಮೇಲೆ ಹೇಳಿದಂತೆ ಕಾಲುವೆಯಲ್ಲಿ ಸೆಳವು ತಗ್ಗಿ ಬರುವುದು; ಹೆಚ್ಚಿನವರದು ಇದೇ. ಇನ್ನೊಂದರಲ್ಲಿ ಧಮನಿಯ ಗೋಡೆಯೇ ಉರಿಯೂತದಿಂದ ದಪ್ಪವಾಗಿ ನಾಳವು ಮುಚ್ಚಿಕೊಳ್ಳುತ್ತದೆ. ಇದು ಹೆಚ್ಚಾಗಿ ಎಪ್ಪತ್ತರ ಆಸುಪಾಸಿನವರಿಗೆ ಬರುವಂಥದು. ಉತ್ತರ ಯುರೋಪಿನವರಲ್ಲಿ ಹೆಚ್ಚು, ನಮ್ಮವರಲ್ಲಿ ವಿರಳ, ಆದರೆ ಇಲ್ಲವೇ ಇಲ್ಲವೆಂದಲ್ಲ. ಕಣತಲೆಯ ನೋವು, ತಲೆ ಮುಟ್ಟಿದರೆ ನೋವು, ರೊಟ್ಟಿ ಅಗಿಯುವಾಗ ದವಡೆ ಸೋಲುವುದು, ಸಣ್ಣ ಜ್ವರ, ತೂಕ ಇಳಿಯುವುದು ಇದರ ಮುನ್ಸೂಚನೆಗಳು. ಕಣತಲೆಯ ನಾಡಿಗೂ ದೃಷ್ಟಿನಾಶಕ್ಕೂ ಇರುವ ನಂಟನ್ನು ಸಾವಿರ ವರ್ಷಗಳ ಹಿಂದೆಯೇ ಬಾಗದಾದಿನ ನೇತ್ರವೈದ್ಯ ಅಲೀ ಇಬ್ನ್ ಈಸಾ ಗುರುತಿಸಿದ್ದನಂತೆ. ಇದಕ್ಕೆ ಚಿಕಿತ್ಸೆ ದೊರೆಯದಿದ್ದರೆ ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಎರಡನೆಯ ಕಣ್ಣೂ ಹೋಗುವ ಸಂಭವ ಬಹಳ. ದೊರೆತರೆ ಉಳಿಯುವ ಸಂಭವವೂ ಬಹಳ. ರಕ್ತಕಣಗಳು ತಳಕ್ಕಿಳಿಯುವ ವೇಗವನ್ನು ಅಳೆಯುವ ಸಾಮಾನ್ಯ ರಕ್ತಪರೀಕ್ಷೆಯೊಂದು ಇದರ ಸುಳಿವು ಕೊಡುತ್ತದೆ. ಸಂಶಯ ಬಲವಾಗಿದ್ದರೆ ಧಮನಿಯ ಚೂರನ್ನು ತೆಗೆದು ಪರೀಕ್ಷಿಸುವ ಮುನ್ನವೇ, ಅದೇ ದಿನ, ಸ್ಟಿರಾಯಿಡ್ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸುತ್ತಾರೆ.

ಗುರುಗಳ ರಕ್ತಪರೀಕ್ಷೆ ಸರಿಯಾಗಿ ಬಂದಿತು. ಅವರದು ಮೊದಲನೆಯ ಬಗೆಯೆಂದು ನಿರ್ಧಾರವಾಯಿತು. ಆಗ ನಾನು ತಡೆಯಲಾರದೆ, ಹತ್ತೊಂಬತ್ತು ದಿನ ಮೊದಲೇ ಬಂದಿದ್ದರೆ ಏನಾಗುತ್ತಿತ್ತೆಂದು ಕೇಳಿದೆನು. ವೈದ್ಯರು ಸುತ್ತಿ ಬಳಸಿ ಮಾತನಾಡಲಿಲ್ಲ. ಹೋದ ಅರ್ಧವನ್ನು ಅಂದು ಕೂಡ ತಂದುಕೊಡುವುದು ತಮ್ಮ ಕೈಯಲ್ಲಿರಲಿಲ್ಲವೆಂದರು. ಆದರೆ ಇದು ಇನ್ನೊಂದು ಬಗೆಯದಾಗಿದ್ದರೆ, ಇಷ್ಟು ದಿನಗಳಲ್ಲಿ ಗುರುಗಳು ಎರಡೂ ಕಣ್ಣುಗಳನ್ನು ಕಳೆದುಕೊಂಡು ನನ್ನ ಕೈ ಹಿಡಿದು ಒಳಗೆ ಬರಬೇಕಾಗುತ್ತಿತ್ತು, ಯಾವ ಬಗೆಯದೆಂಬುದು ಮನೆಯ ಕಟ್ಟೆಯ ಮೇಲೆ ಕುಳಿತು ತಿಳಿಯುವಂಥದಲ್ಲ ಎಂದರು. ಮರಳಿ ಬರುವ ಗಾಡಿಯಲ್ಲಿ ಗುರುಗಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮೊದಲನೆಯ ಬಗೆಗೆ ಚಿಕಿತ್ಸೆ ಇಲ್ಲವೇ ಎಂದು ವಾಚಕರು ಕೇಳಬಹುದು. ನಿಶ್ಚಿತವಾದುದು ಇನ್ನೂ ಇಲ್ಲ. ನರದ ಸುತ್ತಣ ಪೊರೆಚೀಲವನ್ನು ಸೀಳಿ ಒತ್ತಡ ಇಳಿಸುವ ಶಸ್ತ್ರಕ್ರಿಯೆಯೊಂದು ಒಂದು ಕಾಲಕ್ಕೆ ಬಹಳ ಆಸೆ ಹುಟ್ಟಿಸಿತ್ತು. ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 1995ರಲ್ಲಿ ಫಲಿತಾಂಶವನ್ನು ಪ್ರಕಟಿಸಿದವು. ಆರು ತಿಂಗಳ ಕೊನೆಗೆ, ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 33 ಮಂದಿಗೆ ನೋಟ ಗಣನೀಯವಾಗಿ ಸುಧಾರಿಸಿತ್ತು. ಏನನ್ನೂ ಮಾಡಿಸಿಕೊಳ್ಳದವರಲ್ಲಿ ಸುಮಾರು 43 ಮಂದಿಗೆ. ಕೆಟ್ಟವರ ಲೆಕ್ಕ ಮೊದಲಿನವರಲ್ಲಿ 24, ಸುಮ್ಮನಿದ್ದವರಲ್ಲಿ 12. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು. ಸ್ಟಿರಾಯಿಡ್ ಕೊಟ್ಟರೆ ಈ ಬಗೆಯಲ್ಲಿ ಲಾಭವುಂಟೋ ಇಲ್ಲವೋ ಎಂಬುದರಲ್ಲಿ ತಜ್ಞರಲ್ಲಿಯೇ ಭಿನ್ನಾಭಿಪ್ರಾಯವಿದೆ. ಈ ಅಂಕಿಗಳನ್ನು ಉದ್ದೇಶಪೂರ್ವಕವಾಗಿಯೇ ಬರೆದಿದ್ದೇನೆ. ಹೊಲ ಅಡವಿಟ್ಟು ದೂರದ ನಗರಗಳಿಗೆ ಅಲೆದು, ನೋಟ ಮರಳಿ ಬರುವುದೆಂಬ ಭರವಸೆಗೆ ಲಕ್ಷ ಸುರಿಯುವವರು ಮೊದಲು ಇವನ್ನು ಓದಬೇಕು. ತಾನಾಗಿಯೇ ತುಸು ಸುಧಾರಿಸುವವರೂ ಸಾಕಷ್ಟು ಮಂದಿ ಇರುವುದರಿಂದ, ಆ ಸುಧಾರಣೆಯ ಕೀರ್ತಿಯನ್ನು ಯಾವನೋ ಬೇರು ನಾರಿನವನು ಕೊಂಡೊಯ್ಯುವುದೂ ಉಂಟು.

ಹಾಗಾದರೆ ಹಣವನ್ನೂ ಶ್ರಮವನ್ನೂ ವ್ಯಯಿಸಬೇಕಾದುದು ಎಲ್ಲಿ? ಉಳಿದ ಕಣ್ಣಿನ ಮೇಲೆ. ಅದೇ ರೋಗಿಗಳನ್ನು ಮುಂದೆ ಐದು ವರ್ಷ ಗಮನಿಸಿದಾಗ, ನೂರಕ್ಕೆ ಸುಮಾರು 15 ಮಂದಿಗೆ ಇನ್ನೊಂದು ಕಣ್ಣಿಗೂ ಇದೇ ಗತಿ ಬಂದಿತ್ತು. ಇದನ್ನು ಪೂರ್ಣವಾಗಿ ತಡೆಯುವ ಉಪಾಯವಿಲ್ಲದಿದ್ದರೂ, ಕಾಲುವೆಯನ್ನು ಹೂಳು ತುಂಬದಂತೆ ಕಾಯ್ದುಕೊಳ್ಳುವುದು ನಮ್ಮ ಕೈಯಲ್ಲಿದೆ. ಸಕ್ಕರೆ ಬೇನೆ, ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು ಇವೆಲ್ಲ ಹೂಳೇ. ಸುತ್ತ ಎತ್ತ ನೋಡಿದರೂ ಕಬ್ಬು, ಬೆಲ್ಲ, ಸಕ್ಕರೆ ಕಾರ್ಖಾನೆ. ಪಕ್ಕದ ನಿಪ್ಪಾಣಿ ಸೀಮೆಯದು ತಂಬಾಕಿನ ಬೆಳೆ. ಬೆಳೆಯುವುದು ಹೊಟ್ಟೆಪಾಡು, ಅದನ್ನು ನಾನು ಆಕ್ಷೇಪಿಸಲಾರೆ. ಬೆಳೆದವನೇ ಸೇದಬೇಕೆಂಬ ಕಟ್ಟಳೆಯೇನಿಲ್ಲ. ರಾತ್ರಿ ಗಟ್ಟಿಯಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಂತಂತಾಗುವವರಲ್ಲಿಯೂ ಈ ಬೇನೆ ಹೆಚ್ಚೆಂದು ಕಂಡುಬಂದಿದೆ. ಹೆಂಡತಿ ದೂರಿದರೆ ನಗೆಯಾಡದೆ ವೈದ್ಯರಿಗೆ ತಿಳಿಸುವುದು ಲೇಸು. ಗಂಡಸರು ಗುಟ್ಟಾಗಿ ಕೊಂಡು ನುಂಗುವ ಕೆಲವು ಶಕ್ತಿಗುಳಿಗೆಗಳ ಮೇಲೆಯೂ ಸಂಶಯವಿದೆ. ಒಂದು ಕಣ್ಣು ಹೀಗೆ ಕೆಟ್ಟವರು ಅವನ್ನು ಮುಟ್ಟಬಾರದೆಂದು ತಜ್ಞರು ಎಚ್ಚರಿಸುತ್ತಾರೆ. ಇಂಥ ಸಂಪುಟದಲ್ಲಿ ಈ ವಾಕ್ಯವು ಶೋಭಿಸುವುದಿಲ್ಲವೆಂದು ಒಬ್ಬ ಮಿತ್ರರು ಹೇಳಿದರು. ಕುರುಡಾಗುವುದು ಅದಕ್ಕಿಂತ ಶೋಭಿಸುವುದಿಲ್ಲವೆಂದು ಉಳಿಸಿಕೊಂಡಿದ್ದೇನೆ.

ನೋವಿಲ್ಲದೆ ಹಠಾತ್ತನೆ ನೋಟ ಹೋಗುವುದಕ್ಕೆ ಇದೊಂದೇ ಕಾರಣವಲ್ಲ. ಅಕ್ಷಿಪಟಲ ಕಿತ್ತುಬರಬಹುದು, ಸಕ್ಕರೆ ಬೇನೆಯವರಿಗೆ ಕಣ್ಣೊಳಗೆ ರಕ್ತ ಸೋರಬಹುದು. ಅಕ್ಷಿಪಟಲದ ಕೇಂದ್ರಧಮನಿಯೇ ಮುಚ್ಚಿದರಂತೂ ದಿನದ ಮಾತಲ್ಲ, ಗಳಿಗೆಯ ಮಾತು: ಹೇರೆ ಅವರು ಕೋತಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ 97 ನಿಮಿಷದವರೆಗೆ ರಕ್ತ ನಿಂತರೂ ಅಕ್ಷಿಪಟಲ ಚೇತರಿಸಿಕೊಂಡಿತು, 240 ನಿಮಿಷವಾದ ಮೇಲೆ ಹಾನಿ ಶಾಶ್ವತವಾಯಿತು. ಕೆಲವರಿಗೆ ಒಂದು ಕಣ್ಣು ಐದು ಹತ್ತು ನಿಮಿಷ ಮಾತ್ರ ಕತ್ತಲಾಗಿ ಮತ್ತೆ ತಿಳಿಯಾಗುತ್ತದೆ. ಗುಣವಾಯಿತೆಂದು ಅವರು ಹೊಲಕ್ಕೆ ನಡೆಯುತ್ತಾರೆ. ಅದು ಲಕ್ವ ಬರುವ ಮುನ್ಸೂಚನೆಯಾಗಿರಬಹುದು. ಈ ಎಲ್ಲವುಗಳಲ್ಲಿಯೂ ಹೋಗಬೇಕಾದುದು ಅದೇ ದಿನ, ಹನಿ ಹಾಕಿ ಒಳಗೆ ನೋಡಬಲ್ಲ ನೇತ್ರತಜ್ಞರಿರುವ ಆಸ್ಪತ್ರೆಗೆ, ಕನ್ನಡಕದ ಅಂಗಡಿಗಲ್ಲ. ಮನೆಯ ಹಿರಿಯರಿಗೆ ವಾರಕ್ಕೊಮ್ಮೆಯಾದರೂ ಒಂದೊಂದೇ ಕಣ್ಣನ್ನು ಮುಚ್ಚಿ ಗೋಡೆಯ ಕ್ಯಾಲೆಂಡರನ್ನು ನೋಡುವ ರೂಢಿ ಮಾಡಿಸಿರಿ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಗುರುಗಳ ಬಲಗಣ್ಣಿನ ನರದ ಬಾವು ಎರಡು ತಿಂಗಳಲ್ಲಿ ಇಳಿಯಿತು. ಇಳಿದ ಜಾಗ ಬಿಳಿಚಿಕೊಂಡಿದೆಯೆಂದು ವೈದ್ಯರು ಹೇಳಿದರು. ಕತ್ತಲೆಯ ಅಂಚು ತುಸು ಹಿಂದೆ ಸರಿದಿದೆ, ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ಅವರು ಈಗ ಕಾಲಿನಿಂದ ತಡವಿ ಇಳಿಯುತ್ತಾರೆ. ಎಡಗಣ್ಣು ಚೆನ್ನಾಗಿದೆ, ಗುಳಿಗೆ ಬೆಳಗಿನದಾಗಿದೆ, ಮೂರು ತಿಂಗಳಿಗೊಮ್ಮೆ ಮಿರಜೆಯ ಗಾಡಿ ತಪ್ಪುವುದಿಲ್ಲ. ಅಚ್ಚಿಗೆ ಹೋಗುವ ಮುನ್ನ ಈ ಲೇಖನವನ್ನು ಅವರಿಗೆ ತೋರಿಸಿದೆನು. ಹಾಳೆಯನ್ನು ಹುಬ್ಬಿನ ಮಟ್ಟಕ್ಕೆ ಎತ್ತಿ ಹಿಡಿದು ಮೊದಲಿನಿಂದ ಕಡೆಯವರೆಗೆ ಓದಿದರು. ನಾನು ದಿನಗಳನ್ನು ಹದಿನೆಂಟೆಂದು ಬರೆದಿದ್ದೆನು. ಹತ್ತೊಂಬತ್ತೆಂದು ತಿದ್ದಿ ಮರಳಿ ಕೊಟ್ಟರು.